ಅರ್ಥ ಹೇಳಲು ಕಲಿಸಿ

ಮಾನ್ಯರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹುಡುಗರು ಕಂಪನಿಗಳಲ್ಲಿ ಮ್ಯಾನೇಜರ್ ಆಗುವವರೆಗೆ ಹೋಗಿ ಅಲ್ಲೇ ನಿಂತುಬಿಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ನಾನೂ ಹಾಗೇ ನಿಂತವನು. ಕಾರಣ, ಹೇಳಬೇಕಾದಾಗ ಹೇಳಲು ಬಾರದ್ದು.

ಬೆಂಗಳೂರಿನ ಪಂಪ್ ಕಂಪನಿಯೊಂದರಲ್ಲಿ 22 ವರ್ಷ ಇಂಜಿನಿಯರ್ ಆಗಿದ್ದೆ. ಒಮ್ಮೆ ಗ್ರಾಹಕರ ಕಾರ್ಖಾನೆಯಲ್ಲಿ ನಮ್ಮ ಪಂಪುಗಳು ಸೋರತೊಡಗಿದವು. ಸೀಲಿನದೇ ದೋಷ ಎಂದು ನನಗೆ ಎರಡನೇ ದಿನವೇ ಗೊತ್ತಾಗಿತ್ತು. ಗ್ರಾಹಕರಿಗೆ ಹೇಳಲಿಲ್ಲ. ಪೂರ್ತಿ ಸರಿ ಮಾಡಿಯೇ ಹೇಳೋಣ ಎಂದು ಸುಮ್ನೆ ಪಂಪು ಬಿಚ್ಚುತ್ತಾ ಕೂತೆ. ವಾರದೊಳಗೆ ಅವರಿಗೆ ನಮ್ಮ ಮೇಲಿದ್ದ ನಂಬಿಕೆ ಹೋಯಿತು. ಆಮೇಲೆ ನನಗಿಂತ ಕಿರಿಯ ಸಹೋದ್ಯೋಗಿಯೊಬ್ಬರು ಆ ಕೆಲಸ ವಹಿಸಿಕೊಂಡರು. ದಿನಾ ಸಂಜೆ ಫೋನ್ ಮಾಡಿ, ಇಷ್ಟು ಗೊತ್ತಾಗಿದೆ, ಇಷ್ಟು ಗೊತ್ತಾಗಿಲ್ಲ, ನಾಳೆ ಇದನ್ನು ಮಾಡುತ್ತೇವೆ ಎಂದು ತಿಳಿಸುತ್ತಿದ್ದರು. ಮುಂದೆ ಘಟಕದ ಮುಖ್ಯಸ್ಥರಾದವರು ಅವರೇ. ಅದು ಸರಿಯಾದ ಆಯ್ಕೆ.

ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನ ಮೇರಿ ಬಾರಾ ಕೂಡ ಇಂಜಿನಿಯರ್. 1980ರಲ್ಲಿ 18ನೇ ವಯಸ್ಸಿಗೇ ಕಂಪನಿ ಸೇರಿದವರು. ನಡುವೆ ಕೆಲಕಾಲ ಸಿಬ್ಬಂದಿ ಜೊತೆಗಿನ ಸಂವಹನದ ಹೊಣೆಯನ್ನೂ ಹೊತ್ತಿದ್ದರು. 2014ರಲ್ಲಿ ಸಿಇಒ ಆದ ಬೆನ್ನಿಗೇ ಓಡುವಾಗಲೇ ಎಂಜಿನ್ ನಿಂತು ಜನ ಸಾಯಲು ಕಾರಣವಾದ, ಕಾರುಗಳ ಇಗ್ನಿಷನ್ ಸ್ವಿಚ್ ದೋಷ ಹೊರಬಿತ್ತು. ಅವರು ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ಈ ನೋವನ್ನು ಮರೆಯಬಾರದು ಎಂದು ತಮ್ಮ ಸಿಬ್ಬಂದಿಗೂ ಹೇಳಿದರು.

ಇಂಥ ಮಾತುಗಾರಿಕೆ ಕಲಿಯಲು ನಮ್ಮಲ್ಲೇ ತಾಳಮದ್ದಳೆ ಇದೆ, ಅಲ್ವಾ? ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಸಂಭಾಷಣೆಯಿಲ್ಲ. ಹಾಡುವ ಭಾಗವತರ ಪದ ಮುಗಿದ ಕೂಡಲೇ ಮಾತು ಹುಟ್ಟಬೇಕು. ಪಾತ್ರದ ಆ ಮಾತಿಗೇ ‘ಅರ್ಥ’ ಎನ್ನುವುದು, ಅದನ್ನು ಹೇಳುವವರು ಅರ್ಥಧಾರಿ. ನನ್ನ ಅಪ್ಪ ಅರ್ಥಧಾರಿ. ಎದುರಿನವರ ಕೊನೆಯ ಮಾತು ಕೇಳದೆ ಬಾಯಿ ತೆರೆಯಬೇಡ ಎನ್ನುತ್ತಿದ್ದರು. ಕೇಳುವುದೇ ಅಲ್ಲಿ ಜಾಸ್ತಿ ಕಷ್ಟದ ಕೆಲಸ.

ಶಿರಸಿ, ಕುಮಟಾ, ಕಾರವಾರದ ಕಾಲೇಜುಗಳು ಕೊನೆಯ ವರ್ಷದ ಮಕ್ಕಳಿಗೆ ತಿಂಗಳಿಗೊಮ್ಮೆ ಇದನ್ನು ಮಾಡಿಸಲಿ. ಮೊದಲು ಕೃಷ್ಣ, ಕೌರವ ಆಗಲಿ. ಆಮೇಲೆ ನಮ್ಮದೇ ಕಾಲದ ಪ್ರಸಂಗ ಕೊಡಲಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಅಂಥದೊಂದು ದಿನ. ಒಬ್ಬರು ಸಾರಿಗೆ ಕಂಪನಿಯ ಮುಖ್ಯಸ್ಥರು, ಇನ್ನೊಬ್ಬರು ಸುದ್ದಿ ಸಿಗದ ಲಾರಿ ಚಾಲಕನ ಹೆಂಡತಿ. ಆಕೆ ಫೋನ್ ಮಾಡಿದ್ದಾಳೆ. ಏನು ಹೇಳುತ್ತೀರಿ?

ಯಾವುದೇ ಕಾಲೇಜು ಕರೆದರೂ ಶನಿವಾರಗಳಂದು ಬಂದು ಕಲಿಸಲು ನಾನು ಸಿದ್ಧ. ಸಂಭಾವನೆ ಬೇಡ.

– ನಿವೃತ್ತ ಇಂಜಿನಿಯರ್, ಹುಲೇಕಲ್, ಶಿರಸಿ ತಾಲ್ಲೂಕು