ಅಳತೆಯನ್ನು ಕೂಗಿ ಹೇಳಬೇಡಿ

ಮಾನ್ಯರೇ,

ದಾವಣಗೆರೆಯಲ್ಲಿ ಶಾಲೆಯೊಂದರ ಎದುರು 27 ವರ್ಷಗಳಿಂದ ಸಮವಸ್ತ್ರ ಹೊಲಿಯುತ್ತಿದ್ದೇನೆ. ಮಕ್ಕಳ ಬೊಜ್ಜಿನ ಬಗ್ಗೆ ವೈದ್ಯರು ಬರೆಯುವುದನ್ನು ತಪ್ಪದೆ ಓದುತ್ತೇನೆ. ಅವರದು ಕಿಲೋ ಲೆಕ್ಕ, ನನ್ನದು ಇಂಚಿನ ಲೆಕ್ಕ. ಅಂಗಡಿ ಇಟ್ಟ ಹೊಸದರಲ್ಲಿ ಆರನೇ ತರಗತಿಯ ಹುಡುಗರಲ್ಲಿ ಸೊಂಟ 30 ಇಂಚು ದಾಟಿದವನು ವರ್ಷಕ್ಕೊಬ್ಬ ಸಿಕ್ಕರೆ ಹೆಚ್ಚು. ಈಗ ಪ್ರತಿ ಜೂನ್‌ನಲ್ಲಿ ಅಂಥವರು ಹತ್ತಾರು ಮಂದಿ. ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳ ಪ್ರಮಾಣ 2015–16ರಲ್ಲಿ ಶೇ 2.1 ಇದ್ದದ್ದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಶೇ 3.4ಕ್ಕೆ ಏರಿತು ಎಂದು ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಆದರೆ ನಾನು ಬರೆಯಹೊರಟಿದ್ದು ತೂಕದ ಬಗ್ಗೆ ಅಲ್ಲ. ಅಳತೆ ತೆಗೆದುಕೊಳ್ಳುವಾಗ ದರ್ಜಿಗಳು ಅದನ್ನು ಕೂಗಿ ಹೇಳುವುದು ರೂಢಿ. ಗುಂಡಿ ಹಚ್ಚುತ್ತ ಕುಳಿತ ಅಂಗಡಿಯ ಹುಡುಗ ಕೆಲಸ ಬಿಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಎರಡು ವರ್ಷದ ಹಿಂದೆ ಹನ್ನೊಂದು ವರ್ಷದ ಹುಡುಗನೊಬ್ಬ ತಾಯಿಯೊಂದಿಗೆ ಬಂದಿದ್ದ. ಸೊಂಟಕ್ಕೆ ಟೇಪು ಸುತ್ತಿದೊಡನೆ ಹೊಟ್ಟೆಯನ್ನು ಒಳಕ್ಕೆಳೆದುಕೊಂಡ. ‘ಉಸಿರು ಬಿಡಪ್ಪ, ಪ್ಯಾಂಟು ಬಿಗಿಯಾಗುತ್ತದೆ’ ಎಂದೆ. ಬಿಡಲಿಲ್ಲ. ಮುಖ ಕೆಂಪಾದರೂ ಬಿಡಲಿಲ್ಲ. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, ‘ಅಂಕಲ್, ಜೋರಾಗಿ ಹೇಳಬೇಡಿ’ ಎಂದ. ತಿರುಗಿ ನೋಡಿದರೆ ಬೆಂಚಿನ ಮೇಲೆ ಅವನ ತರಗತಿಯ ಇಬ್ಬರು ಕುಳಿತಿದ್ದರು. ಅಷ್ಟರಲ್ಲಿ ತಾಯಿಯೇ, ‘ಇನ್ನೆರಡು ಇಂಚು ಬಟ್ಟೆ ಒಳಗೆ ಬಿಡಿ, ಡುಮ್ಮ ಇನ್ನೂ ಊದುತ್ತಾನೆ’ ಎಂದು ನಕ್ಕುಬಿಟ್ಟರು. ಬೆಂಚಿನವರೂ ನಕ್ಕರು. ಇಪ್ಪತ್ತೈದು ವರ್ಷ ಎಷ್ಟು ಮಕ್ಕಳ ಸೊಂಟವನ್ನು ನಾನು ಬೀದಿಗೆ ಕೇಳುವಂತೆ ಕೂಗಿರಬಹುದು ಎಂದು ಅಂದು ರಾತ್ರಿ ಲೆಕ್ಕ ಹಾಕಿದೆ. ಈಗ ಅಳತೆಯನ್ನು ನಾನೇ ಬರೆದುಕೊಳ್ಳುತ್ತೇನೆ.

ಶಾಲೆಗಳು ತರಿಸುವ ರೆಡಿಮೇಡ್ ಸಮವಸ್ತ್ರ ಹೆಚ್ಚಾಗಿ 38ಕ್ಕೆ ನಿಂತುಬಿಡುತ್ತದೆ. ಅದರಾಚೆಯ ಮಕ್ಕಳಿಗೆ ‘ಹೊರಗೆ ಹೊಲಿಸಿಕೊಳ್ಳಿ’ ಎನ್ನುತ್ತಾರೆ. ಹೊರಗೆ ಅದೇ ಥಾನಿನ ಬಟ್ಟೆ ಸಿಗುವುದಿಲ್ಲ. ಎಷ್ಟು ಹುಡುಕಿದರೂ ಚೌಕಳಿ ತುಸು ದೊಡ್ಡದಾಗಿರುತ್ತದೆ, ಇಲ್ಲವೇ ಹಸಿರು ಒಂದು ಛಾಯೆ ಗಾಢವಾಗಿರುತ್ತದೆ. ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ಆ ಮಗು ದೂರದಿಂದಲೇ ಎದ್ದು ಕಾಣುತ್ತದೆ. ಮೊದಲೇ ಡುಮ್ಮ, ಆನೆಮರಿ ಎನ್ನಿಸಿಕೊಂಡವನಿಗೆ ‘ಡೂಪ್ಲಿಕೇಟ್’ ಎಂಬ ಇನ್ನೊಂದು ಹೆಸರು ಸೇರುತ್ತದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಸಮವಸ್ತ್ರದ ಮೇಲುಕೋಟನ್ನು ಎರಡು ಅಳತೆ ಸಡಿಲವಾಗಿ ಹೊಲಿಸಿಕೊಂಡು ನಮ್ಮೂರಿನ ಮಾರ್ಚ್ ಬಿಸಿಲಿನಲ್ಲೂ ಬಿಚ್ಚದೆ ಓಡಾಡಿದಳು. ಕಂಕುಳ ಕೆಳಗೆ ಬಟ್ಟೆ ಬೆವರಿಗೆ ಬಣ್ಣಗೆಟ್ಟು ಹರಿದು, ತೇಪೆ ಹಾಕಿಸಲು ಬಂದಾಗ ವಿಷಯ ಗೊತ್ತಾಯಿತು. ಆಟದ ಪೀರಿಯಡ್‌ಗೆ ಹೋಗುವುದನ್ನೇ ಬಿಟ್ಟಿದ್ದಾಳಂತೆ. ಓಡಿದರೆ ನಗುತ್ತಾರೆ ಎಂದು ಓಡದೆ ಕುಳಿತ ಮಗುವಿನ ಮೈ ಇಳಿಯುವುದಾದರೂ ಹೇಗೆ?

ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿನಿಸುಗಳನ್ನು ಶಾಲೆಯೊಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ ಎಂಬ ನಿಯಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ಮಾಡಿದೆ. ನನ್ನ ಒಂದೂವರೆ ಮೀಟರಿನ ಟೇಪನ್ನು ಇಪ್ಪತ್ತು ಸಲ ಹಾಸಿದರೆ ನಮ್ಮ ಸಾಲಿನಿಂದ ಶಾಲೆಯ ಗೇಟು ಸಿಗುತ್ತದೆ; ಅಷ್ಟರೊಳಗೆ ಮೂರು ಅಂಗಡಿಗಳಲ್ಲಿ ಚಿಪ್ಸ್ ಪೊಟ್ಟಣಗಳು ತೋರಣದಂತೆ ತೂಗುತ್ತವೆ. (ಬೆಣ್ಣೆದೋಸೆಯ ಊರಿನಲ್ಲಿ ಕುಳಿತು ಮಕ್ಕಳಿಗೆ ತಿನ್ನಬೇಡಿ ಎನ್ನುವ ಧೈರ್ಯ ನನಗಿಲ್ಲ. ನನ್ನ ಹೊಟ್ಟೆಯೂ 42 ಇಂಚಿದೆ. ಆದರೆ ನನ್ನನ್ನು ಯಾರೂ ಡುಮ್ಮ ಎನ್ನುವುದಿಲ್ಲ, ‘ಯಜಮಾನರು’ ಎನ್ನುತ್ತಾರೆ!)

ಆರೋಗ್ಯ ಕಾರ್ಡಿಗೆಂದು ತರಗತಿಯಲ್ಲೇ ತಕ್ಕಡಿ ಇಟ್ಟು, ಒಬ್ಬೊಬ್ಬರ ತೂಕವನ್ನೂ ಎಲ್ಲರ ಮುಂದೆ ಓದುವುದು ಕೆಲವು ಶಾಲೆಗಳಲ್ಲಿ ಇಂದಿಗೂ ನಡೆದಿದೆ. ಮೊದಲು ಹೇಳಿದ ಹುಡುಗ ಆ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿದನಂತೆ. ಮಕ್ಕಳಿಗೆ ದೈಹಿಕ ಶಿಕ್ಷೆಯಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ತೂಕವನ್ನು ಪಕ್ಕದ ಕೋಣೆಯಲ್ಲಿ ನೋಡಿ ಸುಮ್ಮನೆ ಬರೆದುಕೊಳ್ಳಲು ಕಾಯ್ದೆಯೂ ಬೇಕಿಲ್ಲ, ಖರ್ಚೂ ಇಲ್ಲ.

ಬಟ್ಟೆಯ ವಿಷಯದಲ್ಲಿ ಮುಖ್ಯ ಶಿಕ್ಷಕರಲ್ಲಿ ಒಂದು ವಿನಂತಿ. ಸಮವಸ್ತ್ರಕ್ಕೆ ಆರ್ಡರ್ ಕೊಡುವಾಗ ಅದೇ ಥಾನಿನ ಐವತ್ತು ಮೀಟರ್ ಬಟ್ಟೆಯನ್ನು ಹೆಚ್ಚಿಗೆ ತರಿಸಿ ಶಾಲೆಯಲ್ಲಿಟ್ಟುಕೊಳ್ಳಿ. ಮಿಕ್ಕಿದ್ದು ಮುಂದಿನ ವರ್ಷಕ್ಕೆ ಬರುತ್ತದೆ. ಮಿಲ್‌ಗಳಿಗೆ ಆರ್ಡರ್ ಹೋಗುವುದು ಫೆಬ್ರುವರಿಯಲ್ಲಿ. ಜೂನ್‌ನಲ್ಲಿ ನನ್ನ ಹತ್ತಿರ ಬಂದರೆ ನಾನೂ ಬೇರೆ ಛಾಯೆಯನ್ನೇ ಹೊಲಿದುಕೊಡಬೇಕಾಗುತ್ತದೆ.

— ಸಮವಸ್ತ್ರ ಹೊಲಿಯುವ ದರ್ಜಿ, ದಾವಣಗೆರೆ