ಕಾರು ಮನೆಯಲ್ಲಿಡಿ, ಮೆಟ್ರೊ ಹತ್ತಿ

ಎಲ್ಲರಿಗೂ ನಮಸ್ಕಾರ. ಮುಂಬೈಯ ಅಂಧೇರಿ, ಘಾಟ್‌ಕೋಪರ್, ದಹಿಸರ್ ಕಡೆಯಿಂದ ದಿನಾ ಕಾರಿನಲ್ಲಿ ಆಫೀಸಿಗೆ ಹೋಗುವ ಅಣ್ಣಂದಿರು, ಅಕ್ಕಂದಿರು ಇದನ್ನು ಪೂರ್ತಿ ಓದಿ.

ನಾನೂ ಬಿಕೆಸಿಗೆ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ಆಫೀಸುಗಳ ಪ್ರದೇಶ) ಕಾರಿನಲ್ಲೇ ಹೋಗುತ್ತಿದ್ದೆ. ಒಂದು ಮಳೆಗಾಲದ ಬೆಳಿಗ್ಗೆ ಕಲೀನಾ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಹಿಂದೆ ಆಂಬುಲೆನ್ಸ್ ಒಂದೇ ಸಮನೆ ಕೂಗುತ್ತಿತ್ತು, ಪಕ್ಕಕ್ಕೆ ಸರಿಯೋಣ ಅಂದ್ರೆ ಒಂದು ಗೇಣು ಜಾಗ ಇಲ್ಲ. ಸುತ್ತ ನೋಡಿದೆ. ಹೆಚ್ಚಿನ ಕಾರುಗಳಲ್ಲಿ ನನ್ನ ಹಾಗೆ ಒಬ್ಬೊಬ್ಬರೇ. ಆ ಕೂಗು ಇವತ್ತಿಗೂ ಕಿವಿಯಲ್ಲಿದೆ.

ಈಗ ದಾರಿ ಸುಲಭ. ವರ್ಸೋವಾ-ಘಾಟ್‌ಕೋಪರ್ ಮೆಟ್ರೊದಲ್ಲಿ ಬಂದು ಮರೋಳ್ ನಾಕಾದಲ್ಲಿ ಇಳಿಯಿರಿ, ಅಲ್ಲೇ ನೆಲದಡಿಯ ಮೆಟ್ರೊ ಅಕ್ವಾ ಲೈನ್ (ಲೈನ್ 3) ಸಿಗುತ್ತದೆ. 2025ರ ಅಕ್ಟೋಬರ್‌ನಿಂದ ಅದು ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ಬಿಕೆಸಿ, ವರ್ಳಿ, ಸಿದ್ಧಿವಿನಾಯಕ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಎಲ್ಲವೂ ಅದೇ ಲೈನಿನಲ್ಲಿವೆ. ದಹಿಸರ್ ಕಡೆಯವರು ಮೆಟ್ರೊ ಲೈನ್ 7ರಲ್ಲಿ ಗುಂದವಲಿಗೆ ಬಂದು, ಪಾದಚಾರಿ ಸೇತುವೆ ದಾಟಿ ಇದೇ ವರ್ಸೋವಾ-ಘಾಟ್‌ಕೋಪರ್ ಲೈನ್ ಹಿಡಿಯಬಹುದು.

ಒಂಬತ್ತು ಗಂಟೆಯ ಲೋಕಲ್ ರೈಲಿನ ನೂಕುನುಗ್ಗಲು ಎಲ್ಲರಿಗೂ ಆಗಲ್ಲ, ಅದು ಗೊತ್ತು. ಮಂಡಿ ನೋವಿದ್ದವರನ್ನು, ಚಿಕ್ಕ ಮಕ್ಕಳಿರುವವರನ್ನು ನಾನು ಒತ್ತಾಯ ಮಾಡಲ್ಲ. ಉಳಿದವರು ವಾರಕ್ಕೆ ಎರಡು ದಿನವಾದರೂ ಶುರು ಮಾಡಿ, ಪ್ಲೀಸ್.

ಸೋಮವಾರ ಬೆಳಿಗ್ಗೆ 8.30ಕ್ಕೆ ಮರೋಳ್ ನಾಕಾ ಟಿಕೆಟ್ ಕೌಂಟರ್ ಹತ್ತಿರ ಇರ್ತೀನಿ. ಮೊದಲ ಸಲ ಬರುವವರು ಈ ಸಂದೇಶದ ಕೆಳಗೇ ಹೆಸರು ಹಾಕಿ, ಒಟ್ಟಿಗೆ ಹೋಗೋಣ.