ಸಾಹಿತ್ಯ ಸಂಘಟನೆಗಳೂ ಶಿಕ್ಷಕರೂ ಮೇ ತಿಂಗಳಲ್ಲೇ ಒಟ್ಟಿಗೆ ಕೂರಲಿ

ಮಾನ್ಯ ಸಂಪಾದಕರೇ,

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸಾಹಿತ್ಯದ ಕೆಲಸ ಮಾಡುವವರಿಗೆ ಕೊರತೆಯಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ ಮತ್ತು ತಾಲ್ಲೂಕು ಘಟಕಗಳಿವೆ, ಮಠಗಳ ಆಶ್ರಯದ ಮಾಸಿಕ ಗೋಷ್ಠಿಗಳಿವೆ, ಬಯಲಾಟದ ಮೇಳಗಳೂ ಭಜನಾ ಮಂಡಳಿಗಳೂ ಇವೆ, ನಾಲ್ಕಾರು ಗೆಳೆಯರು ಕೈಯಿಂದ ಹಣ ಹಾಕಿ ಕಟ್ಟಿಕೊಂಡ ಪ್ರಕಾಶನಗಳಿವೆ. ಇವರೂ ನಮ್ಮ ಶಾಲೆಗಳೂ ಒಂದೇ ಊರಿನಲ್ಲಿ, ಕೆಲವೆಡೆ ಒಂದೇ ಓಣಿಯಲ್ಲಿ ಇದ್ದರೂ ವರ್ಷಕ್ಕೆ ಒಂದೆರಡು ಸಲ, ಅದೂ ಒಬ್ಬರಿಂದ ಇನ್ನೊಬ್ಬರಿಗೆ ಏನಾದರೂ ಆಗಬೇಕಾದಾಗ ಮಾತ್ರ, ಮುಖ ನೋಡುತ್ತಾರೆ ಎಂಬುದು ನನ್ನ ದೂರು. ಈ ದೂರಿನಲ್ಲಿ ನನ್ನ ಪಾಲೂ ಇದೆ. 31 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದ ನಾನು, ಅದರಲ್ಲಿ 6 ವರ್ಷ ತಾಲ್ಲೂಕಿನ ಒಂದು ಸಾಹಿತ್ಯ ಸಂಘಟನೆಯ ಕಾರ್ಯಕಾರಿ ಸಮಿತಿಯಲ್ಲಿಯೂ ಇದ್ದೆ. ಆದ್ದರಿಂದ ಎರಡೂ ಕಡೆಯ ತಪ್ಪುಗಳನ್ನು ಒಳಗಿನಿಂದಲೇ ಬಲ್ಲೆ.

ಸಂಘಟನೆಗಳಿಗೆ ಶಾಲೆ ನೆನಪಾಗುವುದು ಸಭಿಕರು ಬೇಕಾದಾಗ. ದಾನಿಗಳು ಇಟ್ಟ ಠೇವಣಿಯ ಬಡ್ಡಿಯಿಂದ ದತ್ತಿ ಉಪನ್ಯಾಸಗಳು ನಡೆಯುತ್ತವೆ, ನಡೆಯಲೇಬೇಕು, ಏಕೆಂದರೆ ನಡೆದ ವರದಿಯನ್ನೂ ಫೋಟೊವನ್ನೂ ಮೇಲಕ್ಕೆ ಕಳುಹಿಸಬೇಕಾಗಿರುತ್ತದೆ. ಬೆಳಿಗ್ಗೆ 10ಕ್ಕೆ ಮುಖ್ಯೋಪಾಧ್ಯಾಯರಿಗೆ ಫೋನು ಬರುತ್ತದೆ, 11ಕ್ಕೆ ಎಂಟು ಮತ್ತು ಒಂಬತ್ತನೆಯ ತರಗತಿಗಳನ್ನು ಸಾಲುಗಟ್ಟಿಸಿ ಸಭಾಭವನಕ್ಕೆ ಕರೆದೊಯ್ಯಲಾಗುತ್ತದೆ. ಅಂಥ ಒಂದು ಕಾರ್ಯಕ್ರಮದಲ್ಲಿ ನಾನು ಗಡಿಯಾರ ನೋಡುತ್ತ ಕುಳಿತಿದ್ದೆ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪುಷ್ಪಾರ್ಪಣೆ, ಪ್ರಾಸ್ತಾವಿಕ ನುಡಿ, 11 ಮಂದಿಗೆ ಶಾಲು ಹಾರ ಸ್ಮರಣಿಕೆಗಳ ಸನ್ಮಾನ ಮುಗಿಯುವ ಹೊತ್ತಿಗೆ ಒಂದೂಕಾಲು ಗಂಟೆ ಕಳೆದಿತ್ತು. ವಚನಗಳ ಮೇಲಿನ ಉಪನ್ಯಾಸಕ್ಕೆ ಉಳಿದದ್ದು 25 ನಿಮಿಷ, ಮತ್ತು ಉಪನ್ಯಾಸಕರು ಸಿದ್ಧಪಡಿಸಿಕೊಂಡು ಬಂದಿದ್ದು ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ. ಮಕ್ಕಳು ಬಿಸಿಯೂಟಕ್ಕೆ ಮರಳಿದಾಗ ಅನ್ನ ಆರಿತ್ತು. ಮರುದಿನ ತರಗತಿಯಲ್ಲಿ ನಿನ್ನೆ ಏನು ಕೇಳಿದಿರಿ ಎಂದು ಕೇಳಿದರೆ, ಹಿಂದಿನ ಬೆಂಚಿನ ಹುಡುಗನೊಬ್ಬ, ‘ಸರ್, ಮೈಕ್ ಕೈ ಕೊಡ್ತು’ ಎಂದ. ಆ ಸಮಿತಿಯಲ್ಲಿ ನಾನೂ ಇದ್ದೆ, ಮಕ್ಕಳನ್ನು ಕರೆತಂದವನೂ ನಾನೇ.

ಶಾಲೆಗಳಿಗೆ ಸಾಹಿತಿಗಳು ನೆನಪಾಗುವುದು ಪ್ರತಿಭಾ ಕಾರಂಜಿಗೆ ತೀರ್ಪುಗಾರರು ಬೇಕಾದಾಗ, ಇಲ್ಲವೇ ವಾರ್ಷಿಕೋತ್ಸವದ ವೇದಿಕೆಯಲ್ಲಿ ಒಂದು ಕುರ್ಚಿ ಖಾಲಿ ಉಳಿದಾಗ. ಕಂಠಪಾಠ, ಕಥೆ ಹೇಳುವುದು, ಅಭಿನಯ ಗೀತೆ ಎಂದು ಒಂದೇ ದಿನದಲ್ಲಿ ಹತ್ತಾರು ಸ್ಪರ್ಧೆಗಳನ್ನು ಮುಗಿಸಬೇಕಾದ ಗಡಿಬಿಡಿಯಲ್ಲಿ ತೀರ್ಪುಗಾರರಿಗೆ ಮಗುವಿನೊಡನೆ ಎರಡು ಮಾತು ಆಡಲೂ ಪುರುಸೊತ್ತಿರುವುದಿಲ್ಲ. ಚೆನ್ನಾಗಿ ಕಥೆ ಹೇಳುವ ಹುಡುಗಿ ಕ್ಲಸ್ಟರ್ ಹಂತದಲ್ಲಿ ಮೂರನೆಯವಳಾದರೆ ಅವಳ ಕಥೆ ಅಲ್ಲಿಗೇ ನಿಲ್ಲುತ್ತದೆ.

ಇದು ಹೀಗೆಯೇ ಇರಬೇಕೆಂದೇನೂ ಇಲ್ಲ ಎನ್ನಲು ದೂರದ ಉದಾಹರಣೆ ಬೇಡ. ನಿಜಾಮರ ಆಳ್ವಿಕೆಯಲ್ಲಿ ಆಡಳಿತವೂ ಶಿಕ್ಷಣವೂ ಉರ್ದುವಿನಲ್ಲಿ ಸಾಗುತ್ತಿದ್ದ ಕಾಲದಲ್ಲಿ, 1920ರ ದಶಕದ ಆರಂಭದಲ್ಲಿ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮದರ್ದ್ ಶಾಲೆಯನ್ನು ಕಟ್ಟಿದರು. ಮುಂದೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮವನ್ನು ಸ್ಥಾಪಿಸಿದರು, ‘ಪ್ರೇಮ’ ಪತ್ರಿಕೆ ನಡೆಸಿದರು, ನಾಟಕ ಬರೆದರು. ಶಾಲೆ ನಡೆಸುವುದೂ ಸಾಹಿತ್ಯ ಕಟ್ಟುವುದೂ ಬೇರೆ ಬೇರೆ ಇಲಾಖೆಗಳೆಂದು ಅವರು ಬಗೆಯಲಿಲ್ಲ. ಈ ಭಾಗದ ಹಿರಿಯ ಬರಹಗಾರರಲ್ಲಿ ಎಷ್ಟೋ ಮಂದಿ ಶಿಕ್ಷಕರೇ ಆಗಿದ್ದರು ಎಂಬುದು ಆಕಸ್ಮಿಕವಲ್ಲವೆಂದೇ ನನ್ನ ಎಣಿಕೆ. ಈಗ ನಮ್ಮಲ್ಲಿ ಬರೆಯುವ ಶಿಕ್ಷಕರು ಆಗಿಗಿಂತ ಹೆಚ್ಚೇ ಇದ್ದಾರೆ. ಆದರೆ ಅವರು ಸಂಜೆಯ ಕವಿಗೋಷ್ಠಿಯಲ್ಲಿ ಕವಿಗಳು, ಬೆಳಗಿನ ತರಗತಿಯಲ್ಲಿ ನೋಟ್ಸ್ ಬರೆಸುವವರು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ತಪ್ಪು ತಿದ್ದಿಕೊಳ್ಳುವ ಆಸೆಯಿಂದಲೇ, ಒಂದು ಚಿಕ್ಕ ಪ್ರಯತ್ನ ಮಾಡಿದೆವು. ನಮ್ಮ ಬಳಗದ ಒಬ್ಬ ಕಥೆಗಾರರನ್ನೂ ಊರಿನ ಬಯಲಾಟದ ಒಬ್ಬ ಹಿರಿಯ ಕಲಾವಿದರನ್ನೂ ಒಂದು ದಿನದ ಅತಿಥಿಗಳಾಗಿ ಕರೆಯದೆ, ಸತತ ನಾಲ್ಕು ಶನಿವಾರ ಒಂಬತ್ತನೆಯ ತರಗತಿಗೆ ಬರಲು ಕೇಳಿಕೊಂಡೆವು. ಹಾರ ಇಲ್ಲ, ವೇದಿಕೆ ಇಲ್ಲ, ಮೈಕೂ ಇಲ್ಲ. ಮೊದಲ ವಾರ ಮಕ್ಕಳು ಬಾಯಿ ಬಿಡಲಿಲ್ಲ. ಎರಡನೆಯ ವಾರ ಆ ಹಿರಿಯರು ದೊಡ್ಡಾಟದ ಸಾರಥಿ ಮತ್ತು ಪಾತ್ರಧಾರಿಯ ಸಂವಾದವನ್ನು ಮಾಡಿ ತೋರಿಸಿ, ಅದೇ ಧಾಟಿಯಲ್ಲಿ ನಿಮ್ಮ ನಿಮ್ಮ ಪರಿಚಯ ಹೇಳಿರಿ ಎಂದಾಗ ತರಗತಿಯೇ ಎದ್ದು ಕುಣಿಯಿತು. ಮೂರನೆಯ ವಾರಕ್ಕೆ ಮಕ್ಕಳು ಮನೆಯಲ್ಲಿ ಅಜ್ಜಿ ಹೇಳಿದ ಕಥೆಗಳನ್ನು ಬರೆದು ತಂದರು. ದುಡಿಮೆಗಾಗಿ ತಂದೆತಾಯಿಯೊಂದಿಗೆ ಪ್ರತಿ ಬೇಸಿಗೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಹುಡುಗನೊಬ್ಬ, ಕಟ್ಟುತ್ತಿರುವ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಮಲಗಿದ ರಾತ್ರಿಯ ಬಗ್ಗೆ ಒಂದೂವರೆ ಪುಟ ಬರೆದಿದ್ದ. ನನ್ನ ಕೈಯಲ್ಲಿ ಕೆಂಪು ಪೆನ್ನು ಇತ್ತು. ‘ಹೋಗ್ಯಾರ’, ‘ಮಕ್ಕಂಡಿದ್ವಿ’ ಎಂದು ಬರೆದ ಕಡೆಯೆಲ್ಲ ಗೆರೆ ಎಳೆಯಲು ಹೊರಟಿದ್ದೆ. ಕಥೆಗಾರರು ನನ್ನ ಕೈ ಹಿಡಿದು, ಮೊದಲು ಇದನ್ನು ಗಟ್ಟಿಯಾಗಿ ಓದಿಸೋಣ ಎಂದರು. ಪರೀಕ್ಷೆಗೆ ಗ್ರಾಂಥಿಕ ಕನ್ನಡ ಬೇಕು, ಅದನ್ನು ಕಲಿಸುವುದು ನನ್ನ ಕರ್ತವ್ಯ ಎಂಬುದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಆದರೆ ಮಗು ಮೊದಲು ತನ್ನ ಮಾತಿನಲ್ಲಿ ಬರೆದು, ಆಮೇಲೆ ಅದನ್ನು ಶಿಷ್ಟ ರೂಪಕ್ಕೆ ತಿರುಗಿಸುವ ಕ್ರಮವನ್ನು ನನ್ನ ಮೂರು ದಶಕಗಳ ಸೇವೆ ನನಗೆ ಕಲಿಸಿರಲಿಲ್ಲ, ಆ ಶನಿವಾರ ಕಲಿಸಿತು. ಆ ಬರಹಗಳಿಂದ ಹುಟ್ಟಿದ ಕೈಬರಹದ ಪತ್ರಿಕೆ ನಾನು ನಿವೃತ್ತನಾಗುವವರೆಗೆ 14 ಸಂಚಿಕೆ ಕಂಡಿತು.

ನಮ್ಮ ಜಿಲ್ಲೆಯಲ್ಲಿ ಇಂಥ ಕೆಲಸಕ್ಕೆ ಬೇಕಾದ ಸಂಪತ್ತು ಎಷ್ಟಿದೆ ಎಂಬುದನ್ನು ನಾವೇ ಎಣಿಸಿಕೊಂಡಿಲ್ಲ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಊರೂರುಗಳಲ್ಲಿ ಬ್ಯಾನರು ಕಟ್ಟಿದೆವು. ಆದರೆ ತೊಗಲುಗೊಂಬೆಯಲ್ಲಿ ರಾಮಾಯಣ ಮಹಾಭಾರತಗಳ ಕಥೆ ಹೇಗೆ ಸಾಗುತ್ತದೆ ಎಂಬುದನ್ನು ಪರದೆಯ ಮುಂದೆ ಕುಳಿತು ನೋಡಿದ ಮಗು ನಮ್ಮ ತರಗತಿಗಳಲ್ಲಿ ಸಿಗುವುದು ಅಪರೂಪ. ಪಕ್ಕದ ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮನವರು ಅಕ್ಷರ ಬಾರದಿದ್ದರೂ ದೀರ್ಘ ಕಥನಕಾವ್ಯಗಳನ್ನು ಬಾಯಲ್ಲೇ ಉಳಿಸಿಕೊಂಡಿದ್ದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಜನಪದ ಕಾವ್ಯಗಳ ನಾಯಕ ಕುಮಾರರಾಮನ ಕುಮ್ಮಟದುರ್ಗ ಇರುವುದು ನಮ್ಮ ಗಂಗಾವತಿ ಸೀಮೆಯಲ್ಲಿಯೇ. ಕವಿರಾಜಮಾರ್ಗ ತಿರುಳ್ಗನ್ನಡದ ನೆಲೆಗಳನ್ನು ಹೆಸರಿಸುವಾಗ ಕೊಪಣನಗರವನ್ನೂ ಹೆಸರಿಸುತ್ತದೆ, ಅದು ನಮ್ಮ ಕೊಪ್ಪಳವೇ ಎಂದು ಪ್ರತಿ ಭಾಷಣದಲ್ಲಿ ಹೇಳುತ್ತೇವೆ. ಹೇಳಿದ ಮೇಲೆ ಮಕ್ಕಳನ್ನು ಗವಿಮಠದ ಬೆಟ್ಟಕ್ಕೋ ಪಾಲ್ಕಿಗುಂಡಿಗೋ ಕರೆದೊಯ್ದು, ಅಶೋಕನ ಶಾಸನವನ್ನು ತೋರಿಸಿ, ಬಂಡೆಯ ಮೇಲೆ ಬರೆಯುವವನು ಯಾರಿಗಾಗಿ ಬರೆಯುತ್ತಾನೆ ಎಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಪ್ರಬಂಧದ ವಿಷಯ ಬೇಕೇ?

ಈಗ ಶಿಕ್ಷಕರ ಪರವಾಗಿ ಒಂದು ಮಾತು. ಸಾಹಿತಿ ಮಿತ್ರರು ಶಾಲೆಗಳು ಸ್ಪಂದಿಸುವುದಿಲ್ಲ ಎಂದು ದೂರುವುದನ್ನು ಬಹಳ ಕೇಳಿದ್ದೇನೆ. ಬಿಸಿಯೂಟ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್ ದಾಖಲೆ, ಸಮೀಕ್ಷೆ, ಚುನಾವಣೆ ಇವೆಲ್ಲದರ ನಡುವೆ ಪಾಠ ಮುಗಿಸಬೇಕಾದ ಶಿಕ್ಷಕರಿಗೆ ‘ಇನ್ನೊಂದು ಕಾರ್ಯಕ್ರಮ’ ಎಂದರೆ ಇನ್ನೊಂದು ವರದಿ ಎಂದೇ ಅರ್ಥ. ಅತಿಥಿ ಶಿಕ್ಷಕರ ಪಾಡು ಹೇಳುವುದೇ ಬೇಡ. ಆದ್ದರಿಂದ ಸಂಘಟನೆಗಳು ಹೊಸದೇನನ್ನೂ ಹೊತ್ತು ತರುವುದು ಬೇಡ. ಪಠ್ಯಪುಸ್ತಕದಲ್ಲಿ ಈಗಾಗಲೇ ವಚನ, ಕೀರ್ತನೆ, ಹಳಗನ್ನಡ ಪದ್ಯ, ಜಾನಪದ ಕಥೆ, ನಾಟಕದ ತುಣುಕು ಎಲ್ಲವೂ ಇವೆ. ಆ ಪಾಠ ನಡೆಯುವ ವಾರಕ್ಕೆ ಸರಿಯಾಗಿ ಗಮಕಿಯೋ, ತತ್ವಪದ ಹಾಡುವವರೋ, ರಂಗಕರ್ಮಿಯೋ ತರಗತಿಗೆ ಬಂದರೆ ಶಿಕ್ಷಕರ ಹೊರೆ ಇಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದೇ: ಯಾವ ತಿಂಗಳು ಯಾವ ಪಾಠ ಎಂಬ ಪಟ್ಟಿಯನ್ನು ಶಿಕ್ಷಕರು ಸಂಘಟನೆಯವರ ಕೈಗೆ ಶಾಲೆ ಆರಂಭವಾಗುವ ಮುನ್ನವೇ ಕೊಡುವುದು. ಅದಕ್ಕಾಗಿಯೇ ಮೇ ತಿಂಗಳು ಎನ್ನುತ್ತಿದ್ದೇನೆ. ನಮ್ಮ ಸಂಘಟನೆಗಳ ಉತ್ಸಾಹವೆಲ್ಲ ನವೆಂಬರಿನಲ್ಲಿ ಉಕ್ಕಿ, ಒಂದೇ ಊರಿನ ಎರಡು ಬಣಗಳು ಒಂದೇ ದಿನ ಎರಡು ಕಡೆ ಶಾಮಿಯಾನ ಹಾಕಿ, ಡಿಸೆಂಬರಿಗೆ ತಣ್ಣಗಾಗುವ ಪದ್ಧತಿಯೂ ಇದರಿಂದ ಸ್ವಲ್ಪ ಬದಲಾದೀತು.

ಶಾಲಾ ಶಿಕ್ಷಣ ಇಲಾಖೆ ತಿಂಗಳಿಗೊಂದು ಶನಿವಾರ ಚೀಲವಿಲ್ಲದ ‘ಸಂಭ್ರಮ ಶನಿವಾರ’ವನ್ನು ಆಚರಿಸಲು ಹೇಳಿದೆ. ಗ್ರಾಮೀಣಾಭಿವೃದ್ಧಿ ಇಲಾಖೆ 2020ರಲ್ಲಿ ‘ಓದುವ ಬೆಳಕು’ ಯೋಜನೆಯಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು, ಈಗ ಅವು ಅರಿವು ಕೇಂದ್ರಗಳಾಗಿವೆ. ಅಂದರೆ ದಿನವೂ ಇದೆ, ಜಾಗವೂ ಇದೆ. ಸಂಜೆಯ ಹೊತ್ತು ಅರಿವು ಕೇಂದ್ರದಲ್ಲಿ ವಾರಕ್ಕೊಂದು ಗಂಟೆ ಗಟ್ಟಿ ಓದು ನಡೆಸಲು ಒಬ್ಬ ನಿವೃತ್ತ ಶಿಕ್ಷಕ, ಒಬ್ಬ ಓದುವ ಗೃಹಿಣಿ, ಒಬ್ಬ ಕಾಲೇಜು ವಿದ್ಯಾರ್ಥಿ ಸಾಕು. ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು, ಕಾರಟಗಿ ಗಂಗಾವತಿ ಕಡೆಯ ಕ್ಯಾಂಪುಗಳ ತೆಲುಗು ಮನೆಮಾತಿನ ಮಕ್ಕಳು, ಉರ್ದು ಮಾತಾಡುವ ಮಕ್ಕಳು ತಮ್ಮ ಮನೆಯ ಕಥೆಯನ್ನು ಕನ್ನಡಕ್ಕೆ ತರುವ ಜಾಗವೂ ಅದೇ ಆಗಬಹುದು. ಅನುವಾದವೆಂಬುದು ಈ ಮಕ್ಕಳು ದಿನವೂ ಮಾಡುವ ಕೆಲಸ, ಅದಕ್ಕೆ ಅಂಕ ಕೊಡುವವರಿಲ್ಲ ಅಷ್ಟೇ.

ಹಣದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಕಲಾವಿದರನ್ನು ‘ಸೇವೆ’ ಎಂದು ಕರೆಸಿ, ಶಾಲು ಹೊದಿಸಿ ಬರಿಗೈಯಲ್ಲಿ ಕಳುಹಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಒಂದು ದಿನದ ಕೂಲಿ ಬಿಟ್ಟು ಬರುವ ಬಯಲಾಟದ ಕಲಾವಿದರಿಗೆ ಆ ಶಾಲು ಯಾವ ಉಪಯೋಗಕ್ಕೂ ಬಾರದು. ಒಂದು ಸಮಾರಂಭದ ಸ್ಮರಣಿಕೆ, ಹಾರ, ಫ್ಲೆಕ್ಸುಗಳ ಖರ್ಚನ್ನು ಉಳಿಸಿದರೆ ನಾಲ್ಕು ಶನಿವಾರಗಳ ಗೌರವಧನ ಮತ್ತು ಬಸ್ ಚಾರ್ಜು ಹೊರಡುತ್ತದೆ ಎಂಬುದು ನಮ್ಮ ಬಳಗದ ಲೆಕ್ಕದ ಪುಸ್ತಕದಿಂದಲೇ ಹೇಳುತ್ತಿರುವ ಮಾತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತೇವೆ. ಅದು ಪೂರ್ಣವಾಗಿ ಗ್ರಂಥಾಲಯಗಳಿಗೆ ತಲುಪುತ್ತಿದೆಯೇ ಎಂದು ಸಾಹಿತ್ಯ ಸಂಘಟನೆಗಳೂ ಶಿಕ್ಷಕರ ಸಂಘಗಳೂ ಕೂಡಿ ಕೇಳಿದರೆ ಆ ಪ್ರಶ್ನೆಗೆ ತೂಕವಿರುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯ ಲಕ್ಕುಂಡಿ ನಮಗೆ ಕೂಗಳತೆಯಲ್ಲಿದೆ, ಪುಸ್ತಕಕ್ಕೆ ದುಡ್ಡಿಲ್ಲ ಎನ್ನಲು ನಮಗಾದರೂ ಸಂಕೋಚವಾಗಬೇಕು.

ಕಾರಣ, ಜಿಲ್ಲೆಯ 7 ತಾಲ್ಲೂಕುಗಳಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಉಪನ್ಯಾಸಕರು, ಪರಿಷತ್ತಿನ ಘಟಕಗಳು ಹಾಗೂ ಇತರ ಬಳಗಗಳು ಬರುವ ಮೇ ತಿಂಗಳಲ್ಲಿ ಒಂದು ದಿನ ಒಂದು ಮೇಜಿನ ಸುತ್ತ ಕೂರಬೇಕೆಂದು ಈ ಪತ್ರದ ಮೂಲಕ ವಿನಂತಿಸುತ್ತೇನೆ. ಎಲ್ಲ ಶಾಲೆಗಳನ್ನೂ ಒಮ್ಮೆಗೇ ಹಿಡಿಯುವುದು ಬೇಡ, ತಾಲ್ಲೂಕಿಗೆ ಎರಡು ಶಾಲೆ ಸಾಕು, ಆದರೆ ಆ ಎರಡು ಶಾಲೆಗೆ ವರ್ಷವಿಡೀ ಅದೇ ಬರಹಗಾರರು, ಅದೇ ಕಲಾವಿದರು ಹೋಗಲಿ. ಸಭೆಯಲ್ಲಿ ಸನ್ಮಾನ ಇಡಬಾರದೆಂಬುದು ನನ್ನ ಒಂದೇ ಷರತ್ತು. ಕೈಬರಹದ ಪತ್ರಿಕೆಯ ಆ 14 ಸಂಚಿಕೆಗಳನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ, ಕುಷ್ಟಗಿಯಲ್ಲಿ ಸಭೆ ಕರೆದರೆ ಅವನ್ನು ತರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಕನ್ನಡ ಶಿಕ್ಷಕ
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ